ಮೂವತ್ತು ಚದರ ಅಡಿಯ ಮನೆ

ತುಂಬಾ ವರ್ಷದ ಹಿಂದಿನ ಮಾತು. ಆಗ ನಾನು ಒಂದು ಪತ್ರಿಕೆಯಲ್ಲಿ ವರದಿ ತಿದ್ದುವ ಡೆಸ್ಕಿನಲ್ಲಿದ್ದೆ. ವಾರಕ್ಕೊಮ್ಮೆ ಬರುತ್ತಿದ್ದ ಮನೆ-ಕಟ್ಟಡದ ಪುರವಣಿ ನನ್ನ ತಲೆಗೆ ಬಿದ್ದಿತ್ತು. ಪುರವಣಿ ಬಂದ ಒಂದು ಬೆಳಗ್ಗೆ ಕಚೇರಿಗೆ ಫೋನ್ ಬಂತು. ಆ ಕಡೆ ಚನ್ನರಾಯಪಟ್ಟಣದ ಒಬ್ಬ ಮೇಸ್ತ್ರಿ.

"ಸಾರ್, 30 ಚದರ ಅಡಿ ಮನೆ ಅಂತ ಹಾಕಿದೀರ, ಅದ್ರಲ್ಲಿ ಮೂರು ಬೆಡ್‌ರೂಮ್ ಬೇರೆ. ಆರಡಿ-ಐದಡಿ ಮಂಚ ಒಂದು ಹಾಕಿದ್ರೆ ಆ ಮನೆ ಮುಗೀತು. ಬಾಗ್ಲು ಎಲ್ಲಿಡೋಣ ಹೇಳಿ?"

ವರದಿಗಾರ ಸರಿಯಾಗೇ '30 ಚದರ' ಎಂದು ಬರೆದಿದ್ದ. ಏನೋ ಬಿಟ್ಟುಹೋಗಿದೆ ಅಂದುಕೊಂಡು 'ಅಡಿ' ಸೇರಿಸಿದವನು ನಾನು! ನಮ್ಮಲ್ಲಿ ಮನೆ ಕಟ್ಟುವವರ ಲೆಕ್ಕದಲ್ಲಿ ಒಂದು ಚದರ ಅಂದರೆ 100 ಚದರ ಅಡಿ. ಗಾರೆ ಕೆಲಸದವರಿಂದ ಹಿಡಿದು ಮನೆ ಕಟ್ಟಿಸುವ ಮೇಷ್ಟ್ರ ತನಕ ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಇದ್ದದ್ದು ಪೆನ್ನು ಹಿಡಿದು ಕೂತಿದ್ದ ನನಗೆ ಮಾತ್ರ.

ಇದು ನಗುವ ತಪ್ಪು, ಬಿಡಿ. ಎಲ್ಲಾ ತಪ್ಪೂ ಹಾಗಿರಲ್ಲ.

2023ರ ಜನವರಿ 10 ನೆನಪಿದೆಯಾ? ಬೆಂಗಳೂರಿನ ನಾಗವಾರದ ಹತ್ತಿರ, ಎಚ್‌ಬಿಆರ್ ಲೇಔಟ್ ಬಳಿ, ಬೈಕಿನಲ್ಲಿ ಹೋಗುತ್ತಿದ್ದ ಒಂದು ಕುಟುಂಬದ ಮೇಲೆ ಮೆಟ್ರೋ ಕಾಮಗಾರಿಯ ಕಬ್ಬಿಣ ಬಿತ್ತು. ತಾಯಿ, ಎರಡೂವರೆ ವರ್ಷದ ಮಗ ಇಬ್ಬರೂ ಹೋದರು. ಅವತ್ತು ಟಿವಿಯಲ್ಲಿ, ಪೇಪರಿನಲ್ಲಿ, ವಾಟ್ಸಾಪಿನಲ್ಲಿ ಓಡಿದ ಸಾಲು 'ಮೆಟ್ರೋ ಪಿಲ್ಲರ್ ಕುಸಿತ'. ಆದರೆ ಅಲ್ಲಿ ಪಿಲ್ಲರ್ ಇನ್ನೂ ಆಗಿರಲೇ ಇಲ್ಲ. ಬಿದ್ದದ್ದು ಕಂಬಿಯ ಪಂಜರ. ಉದ್ದುದ್ದ ಕಂಬಿಗಳನ್ನು ನೆಟ್ಟಗೆ ನಿಲ್ಲಿಸಿ, ಸುತ್ತ ರಿಂಗ್ ಕಟ್ಟಿರುತ್ತಾರಲ್ಲ, ಅದು. ಕಾಂಕ್ರೀಟ್ ಆಮೇಲೆ ಸುರಿಯುತ್ತಾರೆ.

"ಯಾವುದಾದರೇನು, ಜೀವ ಹೋಯ್ತಲ್ಲ" ಅನ್ನಬಹುದು. ವ್ಯತ್ಯಾಸ ಇದೆ. ಪಿಲ್ಲರ್ ಬಿತ್ತು ಅಂದ ತಕ್ಷಣ ಓದುವವನ ತಲೆ ಸಿಮೆಂಟಿನ ಕಡೆ ಹೋಗುತ್ತದೆ. ಅವತ್ತು ಕಾಮೆಂಟುಗಳೂ ಹಾಗೇ ಇದ್ದವು: ಕಳಪೆ ಸಿಮೆಂಟ್, ದುಡ್ಡು ಹೊಡೆದಿದ್ದಾರೆ, ಓಡಾಡುವ ರೈಲಿನ ಗತಿ ಏನು. ಪಂಜರ ಬಿತ್ತು ಅಂದರೆ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಅದನ್ನು ನಾಲ್ಕೂ ಕಡೆಯಿಂದ ಎಳೆದು ಕಟ್ಟಿದ್ದರಾ? ಕಟ್ಟಿದ್ದನ್ನು ಬಿಚ್ಚಿದವರು ಯಾರು, ಯಾರಿಗೆ ಹೇಳಿ ಬಿಚ್ಚಿದರು? ಅಷ್ಟೆತ್ತರದ ಕಬ್ಬಿಣ ನಿಂತಿರುವಾಗ ಪಕ್ಕದ ರಸ್ತೆಯಲ್ಲಿ ವಾಹನ ಬಿಟ್ಟದ್ದು ಯಾಕೆ? ಒಂದು ಪದ ತಪ್ಪಾಯಿತು, ಜನರ ಸಿಟ್ಟೆಲ್ಲ ಹಾಕದೇ ಇದ್ದ ಸಿಮೆಂಟಿನ ಮೇಲೆ ಹೋಯಿತು. ಉತ್ತರ ಕೊಡಬೇಕಾದವನಿಗೆ ಅವತ್ತು ಉಸಿರಾಡೋಕೆ ಜಾಗ ಸಿಕ್ಕಿತು.

'ಸ್ಲ್ಯಾಬ್ ಕುಸಿತ'ದ್ದೂ ಇದೇ ಕಥೆ. ಮೋಲ್ಡ್ ಹಾಕುವಾಗ, ಅಂದರೆ ತಾರಸಿಗೆ ಕಾಂಕ್ರೀಟ್ ಸುರಿಯುವಾಗ, ಆಗುವ ಅವಘಡಗಳಲ್ಲಿ ಎಷ್ಟೋ ಸಲ ಕೈಕೊಡುವುದು ಸ್ಲ್ಯಾಬ್ ಅಲ್ಲ, ಕೆಳಗಿನ ಸೆಂಟ್ರಿಂಗ್. ಕಾಂಕ್ರೀಟ್ ಗಟ್ಟಿಯಾಗುವ ತನಕ ಹೊರೋಕೆ ನಿಲ್ಲಿಸುವ ಹಲಗೆ, ಕಂಬಗಳು ಅವು. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಐದು ಇಂಚು ದಪ್ಪದ ಸ್ಲ್ಯಾಬ್ ಒಂದು ಚದರಕ್ಕೆ (ನೂರು ಚದರ ಅಡಿಗೆ, ಈಗ ಕಲಿತಿದ್ದೇನೆ!) ಸುಮಾರು 3 ಟನ್ ತೂಗುತ್ತದೆ. ಹತ್ತು ಚದರಕ್ಕೆ 30 ಟನ್. ಹಸಿ ಕಾಂಕ್ರೀಟಿಗೆ ತನ್ನನ್ನು ತಾನು ಹೊರುವ ಶಕ್ತಿ ಇರಲ್ಲ. ಇಡೀ ಭಾರ ಕೆಳಗಿನ ಕಂಬಗಳ ಮೇಲೆ. ಅವುಗಳಲ್ಲಿ ಒಂದನ್ನು ಮೆತ್ತನೆ ಮಣ್ಣಿನ ಮೇಲೆ ಹಲಗೆಯನ್ನೂ ಇಡದೆ ನಿಲ್ಲಿಸಿದ್ದರೆ? ಸಿಮೆಂಟ್ ಯಾವ ಕಂಪನಿಯದ್ದಾದರೂ ಉಳಿಸಲ್ಲ.

ಅವಸರಕ್ಕೆ ಸೆಂಟ್ರಿಂಗ್ ಬೇಗ ಬಿಚ್ಚುವ ಚಟವೂ ಇದೆ. ಐಎಸ್ 456 ಎಂಬ ನಮ್ಮ ದೇಶದ ಕಾಂಕ್ರೀಟ್ ಸಂಹಿತೆಯ ಪ್ರಕಾರ, ಸಾಮಾನ್ಯ ಸಿಮೆಂಟಾದರೆ, 4.5 ಮೀಟರ್ ಅಂದರೆ ಸುಮಾರು 15 ಅಡಿಯೊಳಗಿನ ಹರವಿನ (ಒಂದು ಆಧಾರದಿಂದ ಇನ್ನೊಂದಕ್ಕಿರುವ ದೂರ) ಸ್ಲ್ಯಾಬಿಗೆ ಕೆಳಗಿನ ಕಂಬಗಳು ಕನಿಷ್ಠ 7 ದಿನ ಇರಬೇಕು, ಅದಕ್ಕಿಂತ ಜಾಸ್ತಿ ಇದ್ದರೆ 14 ದಿನ. ಹಾಗಾಗಿ ಜಾಗಕ್ಕೆ ಹೋದ ವರದಿಗಾರ ಮೊದಲು ಕೇಳಬೇಕಾದದ್ದು "ಮೋಲ್ಡ್ ಯಾವತ್ತು ಹಾಕಿದ್ರಿ? ಸೆಂಟ್ರಿಂಗ್ ಯಾವತ್ತು ಬಿಚ್ಚಿದ್ರಿ?" ಅಂತ. ಅದನ್ನು ಕಂಬಿ ಕಟ್ಟುವ ಬಾರ್ ಬೆಂಡರ್‌ನ ಹತ್ತಿರ, ಸೆಂಟ್ರಿಂಗ್ ಹುಡುಗರ ಹತ್ತಿರ ಕೇಳಬೇಕು. ಸಂಜೆ ಆಗುವಷ್ಟರಲ್ಲಿ ಅವರನ್ನು ಅಲ್ಲಿಂದ ಸಾಗಹಾಕಿರುತ್ತಾರೆ. ಮಂತ್ರಿಗಳ ಹೇಳಿಕೆ ಎಲ್ಲಿಗೂ ಓಡಿಹೋಗಲ್ಲ, ರಾತ್ರಿ ಹತ್ತಕ್ಕೂ ಸಿಗುತ್ತದೆ.

'ಕಳಪೆ ಕಾಮಗಾರಿ' ಅನ್ನುವ ಜೋಡಿಪದ ಕಂಡರೆ ನನಗೀಗ ಅನುಮಾನ ಶುರುವಾಗುತ್ತದೆ. ಯಾವುದು ಕಳಪೆ? ನಕ್ಷೆಯಾ, ಮಣ್ಣು ಪರೀಕ್ಷೆಯಾ, ಕಂಬಿಯಾ, ಕಾಂಕ್ರೀಟಿಗೆ ನೀರು ಹಾಕುವ ಕ್ಯೂರಿಂಗಾ? ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಅಂಥ ಕಡೆ ಎರಡು ಪದದಲ್ಲಿ ಕೈತೊಳೆದುಕೊಂಡರೆ ಹೇಗೆ?

ಇನ್ನು ಕೆಲವು ಸಲ ಬಿಟ್ಟ ಪದವೇ ತೊಂದರೆ ಮಾಡುತ್ತದೆ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿ ಸೇತುವೆ ಕುಸಿಯಿತು, ಲಾರಿಯೊಂದು ನೀರಿಗೆ ಬಿತ್ತು, ಚಾಲಕ ಪುಣ್ಯಕ್ಕೆ ಬದುಕಿದ. ಅಲ್ಲಿ ಅಕ್ಕಪಕ್ಕ ಎರಡು ಸೇತುವೆ ಇದ್ದವು. ಬಿದ್ದದ್ದು ಹಳೆಯದು. ಬೆಳಗ್ಗೆ ಗೋವಾ ಕಡೆ ಹೊರಡಬೇಕಾದವನಿಗೆ, ನದಿಯ ಆಚೆ ದಡದ ಸದಾಶಿವಗಡದಿಂದ ಕಾರವಾರಕ್ಕೆ ಕೆಲಸಕ್ಕೆ ಬರುವವನಿಗೆ ಬೇಕಿದ್ದದ್ದು 'ಹಳೆ' ಅನ್ನುವ ಒಂದೇ ಪದ. ಶೀರ್ಷಿಕೆಯಲ್ಲಿ ಅದಕ್ಕೆ ಜಾಗ ಸಿಗಲ್ಲ, 'ಭಯಾನಕ'ಕ್ಕೆ ಸಿಗುತ್ತದೆ.

ಕೋಟಿಗಳ ಕಥೆ ಬೇರೆಯೇ ಇದೆ. ಒಂದೇ ಮೇಲ್ಸೇತುವೆ ಬಜೆಟ್ಟಿನಲ್ಲಿ ಘೋಷಣೆಯಾದಾಗ, ಅನುಮೋದನೆ ಸಿಕ್ಕಾಗ, ಟೆಂಡರ್ ಕರೆದಾಗ, ಭೂಮಿಪೂಜೆ ಆದಾಗ ನಾಲ್ಕು ಸಲ ಹೊಸದಾಗಿ ಹುಟ್ಟುತ್ತದೆ. ಅಂದಾಜು ವೆಚ್ಚವನ್ನೇ 'ವೆಚ್ಚ' ಎಂದು ಬರೆದರೆ ಕಟ್ಟದ ಸೇತುವೆಗೂ ಖರ್ಚಾಗಿಬಿಟ್ಟಿರುತ್ತದೆ.

ವರದಿಗಾರರನ್ನು ಬೈಯುವುದು ಸುಲಭ. ನಾನೂ ಆ ಕುರ್ಚಿಯಲ್ಲಿ ಕೂತವನು. ಪುಟ ಹೋಗೋಕೆ ಅರ್ಧ ಗಂಟೆ ಇರುತ್ತದೆ, ಎಂಜಿನಿಯರ್ ಫೋನ್ ಎತ್ತಲ್ಲ, ಕಂಟ್ರಾಕ್ಟರ್ ಕಡೆಯವನು "ನಮ್ಮ ಸಾಹೇಬ್ರು ಬರ್ತಾರೆ ಇರಿ" ಅಂತ ನಿಲ್ಲಿಸಿರುತ್ತಾನೆ. ಆದರೂ ಪರಿಚಯದ ಒಬ್ಬ ಮೇಸ್ತ್ರಿಯ ನಂಬರ್ ಇಟ್ಟುಕೊಳ್ಳೋಕೆ ಏನು ಕಷ್ಟ? ಎರಡು ನಿಮಿಷದ ಮಾತು.

ನಾನು ಚನ್ನರಾಯಪಟ್ಟಣದವರ ನಂಬರ್ ಬರೆದಿಟ್ಟುಕೊಂಡೆ. ಮುಂದಿನ ವಾರ ತಿದ್ದುಪಡಿಯನ್ನೂ ಹಾಕಿದೆವು, ಒಳಪುಟದ ಮೂಲೆಯಲ್ಲಿ, ಎರಡು ಸಾಲು. 'ಮನೆಯ ವಿಸ್ತೀರ್ಣವನ್ನು 3000 ಚದರ ಎಂದು ಓದಿಕೊಳ್ಳಬೇಕು.' ಈ ಸಲ 'ಅಡಿ' ಎಲ್ಲಿ ಬಿದ್ದುಹೋಯಿತೋ ಇವತ್ತಿಗೂ ಗೊತ್ತಿಲ್ಲ. ಹತ್ತು ಗಂಟೆಗೆ ಸರಿಯಾಗಿ ಫೋನ್ ಬಂತು.

"ಏನ್ ಸಾರ್, ಹೋದ್ವಾರ ಮಂಚ, ಈ ವಾರ ಅರಮನೆ?"