ಹಸುಗೂಸಿನ ಕಣ್ಣಿನ ಪೊರೆ: ಕಾದರೆ ಸೋಲುವುದು ಮೆದುಳು

"ಮಗು ಸ್ವಲ್ಪ ದೊಡ್ಡದಾಗಲಿ, ಆಮೇಲೆ ಆಪರೇಷನ್ ಮಾಡಿಸೋಣ." ಹುಟ್ಟಿನಿಂದಲೇ ಕಣ್ಣಿಗೆ ದಟ್ಟ ಪೊರೆ ಬಂದ ಕೂಸಿನ ವಿಷಯದಲ್ಲಿ ಇದಕ್ಕಿಂತ ಅಪಾಯದ ಸಲಹೆ ಇನ್ನೊಂದಿಲ್ಲ. ಇದು ನಮಗೆ ಗೊತ್ತಾದದ್ದು ಮೆದುಳು ವಿಜ್ಞಾನಿಗಳಾದ ಡೇವಿಡ್ ಹ್ಯೂಬಲ್ ಮತ್ತು ಟಾರ್ಸ್ಟನ್ ವೀಸಲ್ ಅವರ ದೀರ್ಘ ದುಡಿಮೆಯಿಂದ.

1958ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಇಬ್ಬರೂ ಜೊತೆಯಾದರು. ಹ್ಯೂಬಲ್ ಅಷ್ಟರಲ್ಲೇ ಒಂದೊಂದೇ ನರಕೋಶದ ವಿದ್ಯುತ್ ಸಂಕೇತ ಹಿಡಿಯುವ ಟಂಗ್‌ಸ್ಟನ್ ತಂತಿಯ ಎಲೆಕ್ಟ್ರೋಡ್ ತಯಾರಿಸಿದ್ದರು. ತಂತಿಯ ತುದಿಯನ್ನು ದ್ರಾವಣದಲ್ಲಿಟ್ಟು ಕರೆಂಟ್ ಹರಿಸಿ ಚೂಪಾಗಿಸಿ, ಕರೆಂಟ್ ತಡೆಯುವ ಲ್ಯಾಕರ್ ಬಳಿದು, ತುದಿಯನ್ನಷ್ಟೇ ಬರಿದಾಗಿ ಬಿಡಬೇಕು. ಹೆಚ್ಚು ಬಿಟ್ಟರೆ ಅಕ್ಕಪಕ್ಕದ ನರಕೋಶಗಳ ಸಂಕೇತಗಳೆಲ್ಲ ಕಲಸಿಹೋಗುತ್ತವೆ. ಇದನ್ನು ಬೆಕ್ಕಿನ ಮೆದುಳಿನ ದೃಷ್ಟಿಭಾಗಕ್ಕೆ ಇಳಿಸಿ, ಕಣ್ಣಿಗೆ ಏನಾದರೂ ತೋರಿಸಿದಾಗ ಕೋಶ ಹೇಗೆ ಮಿಡಿಯುತ್ತದೆ ಎಂದು ನೋಡುತ್ತಿದ್ದರು. ಅರಿವಳಿಕೆ ಕೊಟ್ಟರೂ ಬೆಕ್ಕಿನ ಕಣ್ಣು ಮೆಲ್ಲಗೆ ಸರಿಯುತ್ತಿರುತ್ತದೆ. ಅದನ್ನು ತಡೆಯಲು ಸ್ನಾಯುಗಳನ್ನು ಔಷಧದಿಂದ ನಿಲ್ಲಿಸಬೇಕು, ಆಗ ಉಸಿರಾಟಕ್ಕೆ ಯಂತ್ರ ಬೇಕು, ಕಣ್ಣಿನ ಮುಂದಿನ ಪಾರದರ್ಶಕ ಪದರ ಕಾರ್ನಿಯಾ ಒಣಗದಂತೆ ಕಾಂಟ್ಯಾಕ್ಟ್ ಲೆನ್ಸ್ ಬೇಕು. ಇಷ್ಟೆಲ್ಲ ಮಾಡಿ ಚುಕ್ಕೆಗಳನ್ನು ತೋರಿಸಿದರೆ ಕೋಶ ಸುಮ್ಮನಿತ್ತು. ಚುಕ್ಕೆ ತೋರಿಸುವ ಉಪಕರಣಕ್ಕೆ ಗಾಜಿನ ಸ್ಲೈಡ್ ತೂರಿಸುವಾಗ ಅದರ ಅಂಚಿನ ತೆಳು ನೆರಳು ಸರಿದದ್ದೇ ತಡ, ಪಟಪಟನೆ ಮಿಡಿಯಿತು. ಅದಕ್ಕೆ ಬೇಕಿದ್ದದ್ದು ಒಂದು ನಿರ್ದಿಷ್ಟ ಓರೆಯ ಗೆರೆ.

1963ರಲ್ಲಿ ಬಂದ ಫಲಿತಾಂಶ ಇನ್ನೂ ದೊಡ್ಡದು. ಬೆಕ್ಕಿನ ಮರಿಯ ಒಂದು ಕಣ್ಣಿನ ರೆಪ್ಪೆ ಹೊಲಿದು ಸುಮಾರು ಮೂರು ತಿಂಗಳಾದ ಮೇಲೆ ಬಿಚ್ಚಿದರು. ಕಣ್ಣಿನ ಹಿಂಭಾಗದ ಬೆಳಕು ಗ್ರಹಿಸುವ ಪದರ ರೆಟಿನಾ ಸರಿಯಾಗಿಯೇ ಇತ್ತು, ಆದರೆ ಮೆದುಳಿನ ದೃಷ್ಟಿಭಾಗದ ಕೋಶಗಳು ಆ ಕಣ್ಣಿಗೆ ಹೆಚ್ಚುಕಡಿಮೆ ಓಗೊಡಲೇ ಇಲ್ಲ. ಬೆಳೆದ ಬೆಕ್ಕಿನಲ್ಲಿ ಹೀಗಾಗಲಿಲ್ಲ. ಎರಡೂ ಕಣ್ಣು ಮುಚ್ಚಿದಾಗ ಹಾನಿ ಇಮ್ಮಡಿಯಾಗಬೇಕಿತ್ತಲ್ಲ? ಅದೂ ಆಗಲಿಲ್ಲ. ಅಂದರೆ ಎರಡು ಕಣ್ಣುಗಳ ನಡುವೆ ಪೈಪೋಟಿಯಿದೆ, ತೆರೆದ ಕಣ್ಣು ಮುಚ್ಚಿದ ಕಣ್ಣಿನ ಜಾಗವನ್ನೂ ಕಸಿದುಕೊಳ್ಳುತ್ತದೆ. ಮರಿಗಳ ಮೇಲಿನ ಈ ಪ್ರಯೋಗವನ್ನು ಓದುವಾಗ ಸಂಕಟವಾಗುತ್ತದೆ, ನಿಜ. ಆದರೆ ಇವತ್ತು ಎಷ್ಟೋ ಮಕ್ಕಳ ದೃಷ್ಟಿ ಉಳಿಯುತ್ತಿರುವುದರ ಹಿಂದೆ ಇದೇ ತಿಳಿವಳಿಕೆಯಿದೆ. 1981ರ ನೊಬೆಲ್ ಗೌರವಕ್ಕೆ ಅವರು ಖಂಡಿತ ಅರ್ಹರೇ.

ಒಂದೇ ಕಣ್ಣಿನ ದಟ್ಟ ಪೊರೆಗೆ ಹುಟ್ಟಿದ ಸುಮಾರು 6 ವಾರದೊಳಗೆ, ಎರಡೂ ಕಣ್ಣಿನದಕ್ಕೆ ಸುಮಾರು 8 ವಾರದೊಳಗೆ ಆಪರೇಷನ್ ಆಗಬೇಕು ಎನ್ನುವುದು ಎಳವೆಯಲ್ಲಾಗುವ ಈ ಹಾನಿ ಮತ್ತು ಪೈಪೋಟಿಯ ಕಾರಣಕ್ಕೇ. ಕತ್ತಲು ಕೋಣೆಯಲ್ಲಿ ವೈದ್ಯರು ಆಫ್ತಾಲ್ಮೋಸ್ಕೋಪ್ ಎಂಬ ಕಣ್ಣು ನೋಡುವ ಉಪಕರಣದ ಬೆಳಕು ಬಿಟ್ಟಾಗ ಪಾಪೆ ಕೆಂಪಗೆ ಹೊಳೆಯದೆ ಮಬ್ಬಾಗಿ, ಬೆಳ್ಳಗೆ ಅಥವಾ ಒಂದೊಂದು ಕಣ್ಣಲ್ಲಿ ಒಂದೊಂದು ಥರ ಕಂಡರೆ ಆ ವಾರವೇ ಮಕ್ಕಳ ಕಣ್ಣಿನ ತಜ್ಞರ ಹತ್ತಿರ ಹೋಗಿ. ಆಪರೇಷನ್ ಆದರೆ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ಆಪರೇಷನ್‌ನಲ್ಲಿ ಪೊರೆ ಕಟ್ಟಿದ ಮಸೂರ ತೆಗೆದ ಕಣ್ಣಿಗೆ ಕನ್ನಡಕವೋ ಕಾಂಟ್ಯಾಕ್ಟ್ ಲೆನ್ಸೋ ಹಾಕದಿದ್ದರೆ ಮೆದುಳಿಗೆ ತಲುಪುವುದು ಮತ್ತೆ ಮಸುಕು ಚಿತ್ರವೇ. ಒಂದೇ ಕಣ್ಣಿಗೆ ಆಗಿದ್ದರೆ ಒಳ್ಳೆಯ ಕಣ್ಣಿಗೆ ವೈದ್ಯರು ಹೇಳಿದಷ್ಟು ಹೊತ್ತು ಪಟ್ಟಿ ಕಟ್ಟಲೇಬೇಕು, ಮಗು ಅತ್ತು ಕಿತ್ತುಹಾಕಿದರೂ.