ಹಡಗಿನ ಟೂರ್ ತಗೊಳ್ದಿದ್ರೆ ಇಳ್ಸಲ್ಲ ಅನ್ನೋದು ಸುಳ್ಳು

ನಮ್ ತುಮಕೂರಿನ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡ್ತಿದೆ, ಕ್ರೂಸ್‌ಗೆ, ಅಂದ್ರೆ ಹಡಗಿನ ಪ್ರವಾಸಕ್ಕೆ ಹೋದ್ರೆ, ಬಂದರಲ್ಲಿ ಊರು ತೋರ್ಸೋಕೆ ಹಡಗಿನವ್ರ ಟೂರೇ ದುಡ್ಡು ಕೊಟ್ಟು ತಗೋಬೇಕು ಇಲ್ದಿದ್ರೆ ಕೆಳಗೇ ಬಿಡಲ್ಲ ಅಂತ. ಹಂಗೇನಿಲ್ಲ ಕಣ್ರಪ್ಪಾ. ಸಾಮಾನ್ಯವಾಗಿ ಬಂದರಲ್ಲಿ ಹಡಗಿನವ್ರು ಕೊಟ್ಟ ಕಾರ್ಡ್ ತೋರಿಸಿ ಇಳ್ಕೊಂಡು ನಿಮ್ ಪಾಡಿಗೆ ಸುತ್ತಾಡ್ಬೋದು. ಕೊಚ್ಚಿನೇ ತಗೊಳ್ಳಿ, ಹಡಗು ನಿಲ್ಲೋದು ವಿಲ್ಲಿಂಗ್ಡನ್ ಐಲ್ಯಾಂಡ್‌ನಲ್ಲಿ, ಅಲ್ಲಿಂದ ಆಟೋ ಹಿಡಿದ್ರೆ ಮಟ್ಟಂಚೇರಿ, ಫೋರ್ಟ್ ಕೊಚ್ಚಿ, ಮೀನು ಹಿಡಿಯೋ ಚೀನೀ ಬಲೆ ಎಲ್ಲಾ ನೋಡ್ಕೊಂಡು ಮೀನೂಟ ಮಾಡಿ ಆರಾಮಾಗಿ ಬರ್ಬೋದು, ಶನಿವಾರ ಆದ್ರೆ ಯಹೂದಿಗಳ ಪ್ರಾರ್ಥನಾ ಮಂದಿರ ಸಿನಗಾಗ್ ಮಾತ್ರ ಮುಚ್ಚಿರತ್ತೆ. ಗೋವಾ ಇಷ್ಟು ಸಲೀಸಲ್ಲ, ಹಡಗು ನಿಲ್ಲೋ ಮೊರ್ಮುಗಾವ್‌ನಿಂದ ಪಣಜಿ ಹತ್ತತ್ರ 30 ಕಿಲೋಮೀಟರ್, ಟ್ರಾಫಿಕ್ಕೂ ಲೆಕ್ಕ ಹಾಕ್ಕೊಳ್ಳಿ.

ಅದೇ ಮೆಸೇಜಲ್ಲಿ ಲೇಟಾದ್ರೂ ಹಡಗು ಕಾಯತ್ತೆ ಅಂತ ಬೇರೆ ಸೇರ್ಸಿದಾರೆ, ಇದು ಇನ್ನೂ ಡೇಂಜರ್. ಕಾಯೋದು ಹಡಗಿನವ್ರದ್ದೇ ಟೂರ್ ಬಸ್ ಲೇಟಾದಾಗ. ನೀವಾಗೇ ಹೋಗಿದ್ರೆ ಆಲ್ ಅಬೋರ್ಡ್ ಟೈಮ್‌ಗೆ, ಅಂದ್ರೆ ಹಡಗು ಹೊರಡೋಕೆ ಸುಮಾರು ಅರ್ಧ-ಒಂದು ಗಂಟೆ ಮುಂಚೆನೇ ಒಳಗಿರ್ಬೇಕು, ತಪ್ಪಿದ್ರೆ ಮುಂದಿನ ಬಂದರಿಗೆ ಸ್ವಂತ ಖರ್ಚಲ್ಲಿ ಓಡ್ಬೇಕು. ವಿದೇಶದಲ್ಲಿ ಊರಿನ ಟೈಮೇ ಬೇರೆ ಹಡಗಿನ ಟೈಮೇ ಬೇರೆ ಇರ್ಬೋದು, ಹಡಗಿಂದೇ ನಂಬಿ. ಕೆಲವು ದೇಶಗಳಲ್ಲಿ ವೀಸಾ ಇಲ್ದೆ ನೀವಾಗೇ ಇಳಿಯಕ್ಕಾಗಲ್ಲ, ಲಕ್ಷದ್ವೀಪಕ್ಕೂ ಪರ್ಮಿಟ್ ಬೇಕು, ಆ ಮೆಸೇಜ್ ಹುಟ್ಟಿದ್ದು ಇದ್ರಿಂದಾನೇ ಇರ್ಬೇಕು.