ಕರೆಂಟು ಹೋದ ಏಳು ನಿಮಿಷ

ನಿನ್ನೆ ಸಂಜೆ ಸುರತ್ಕಲ್ ಸಮೀಪದ ಒಂದು ಸಭಾಭವನದಲ್ಲಿ ಯಕ್ಷಗಾನದ ಹಾಡು-ಮಾತಿನ ಕೂಟವಾದ ತಾಳಮದ್ದಳೆ ಕೇಳಿ ಬಂದೆ. ಊಟ ಮುಗಿಸಿ ಮಲಗಿದ ಮೇಲೂ ಎಡಗಿವಿಯೊಳಗೆ ಜೀರುಂಡೆಯ ಸದ್ದು ನಿಂತಿರಲಿಲ್ಲ. ಬೆಳಗ್ಗೆ ಎದ್ದಾಗಲೂ ಅದು ಅಲ್ಲೇ ಇತ್ತು. ಕೂಟಗಳಲ್ಲಿ ಮೈಕಿನ ಸದ್ದು ಅತಿಯಾಗುತ್ತಿರುವ ಬಗ್ಗೆ ಇಷ್ಟು ದಿನ ಸಂಘಟಕ ಮಿತ್ರರ ಮನಸ್ಸಿಗೆ ನೋವಾದೀತೆಂದು ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ನನ್ನಿಂದ ಆಗುವುದಿಲ್ಲ.

ಪ್ರಸಂಗ ವಾಲಿವಧೆ. ಹಾಡು, ಮದ್ದಳೆ, ಚೆಂಡೆಯ ಹಿಮ್ಮೇಳದಲ್ಲಿ ಕೂತವರೆಲ್ಲ ಒಳ್ಳೆಯ ಕಲಾವಿದರು, ವಾಲಿಯಾಗಿ ಮಾತನಾಡಿದ ಅರ್ಥಧಾರಿಗಳಂತೂ ಆ ಪಾತ್ರದಲ್ಲಿ ಪಳಗಿದವರು. ಹಾಕಿದ್ದು ಹೆಚ್ಚೆಂದರೆ ಇನ್ನೂರು ಕುರ್ಚಿ. ಅದಕ್ಕೆ ವೇದಿಕೆಯ ಎರಡೂ ಬದಿಗಳಲ್ಲಿ ಆಳೆತ್ತರದ ಸ್ಪೀಕರ್ ಬಾಕ್ಸುಗಳು. ಮೇಲೆ ಶೀಟಿನ ಮಾಡು, ಕೆಳಗೆ ನುಣುಪಾದ ಟೈಲ್ಸ್, ಸುತ್ತಲೂ ಬರಿಯ ಗೋಡೆ. ಮೊದಲ ಒಂದು ಗಂಟೆ ನನ್ನ ಕಿವಿಗೆ ಬಿದ್ದದ್ದು ಸದ್ದು ಮಾತ್ರ. ಹಾಡುವ ಭಾಗವತರು ಯಾವ ಪದ ಎತ್ತಿದರೆಂದು ತಿಳಿಯುತ್ತಿದ್ದದ್ದು ಆ ಪದ ನನಗೆ ಮೊದಲೇ ಬರುತ್ತಿದ್ದುದರಿಂದ. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗನಿಗೆ ಆ ಅನುಕೂಲವೂ ಇರಲಿಲ್ಲ.

ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ರಾಮನನ್ನು ಕೇಳಲು ತೊಡಗಿದ್ದಷ್ಟೇ, ಕರೆಂಟು ಹೋಯಿತು. ಜನರೇಟರ್ ಕೂಡಲೇ ಹಿಡಿಯಲಿಲ್ಲ. ಹೊರಗೆ ಮಳೆ ಬಿಟ್ಟಿತ್ತು. ಅರ್ಥಧಾರಿಗಳು ಒಂದು ಕ್ಷಣ ಸುಮ್ಮನಿದ್ದು, ಮೈಕನ್ನು ಕೈಯಿಂದ ಬದಿಗೆ ಸರಿಸಿ, ಅದೇ ಮಾತನ್ನು ಮೊದಲಿನಿಂದ ಹೇಳಿದರು. ಈ ಬಾರಿ ಸ್ವರ ಏರಿಸಲಿಲ್ಲ. ಸಾಯುತ್ತಿರುವವನು ಎಷ್ಟು ಉಸಿರಿನಲ್ಲಿ ಮಾತನಾಡಿಯಾನೋ ಅಷ್ಟೇ ಉಸಿರಿನಲ್ಲಿ ಹೇಳಿದರು. ಹಿಂದಿನ ಸಾಲಿನವರು ಎದ್ದು, ಪ್ಲಾಸ್ಟಿಕ್ ಕುರ್ಚಿಗಳನ್ನು ನೆಲದ ಮೇಲೆ ಎಳೆಯದೆ ಎರಡೂ ಕೈಗಳಲ್ಲಿ ಎತ್ತಿಕೊಂಡು ಮುಂದೆ ಬಂದು ಕೂತರು. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಬಳಿಕ ಭಾಗವತರು ಪದ ಎತ್ತಿದಾಗ ಅದರ ಅಡಿಯಲ್ಲಿ ಮದ್ದಳೆಯ ಒಂದೊಂದು ಬೆರಳಿನ ಕೆಲಸವೂ ಬೇರೆಬೇರೆಯಾಗಿ, ಆ ಸಂಜೆ ಮೊದಲ ಸಲ, ಕೇಳಿಸಿತು. ಇದ್ದದ್ದು ಏಳೇ ನಿಮಿಷ. ಆಮೇಲೆ ಬಾಕ್ಸುಗಳು ಟಪ್ಪೆಂದು ಹೊಡೆದುಕೊಂಡವು, ಮೈಕು ಕೂಗಿತು, ಮುಂದೆ ಬಂದವರಲ್ಲಿ ಕೆಲವರು ತಮ್ಮ ಕುರ್ಚಿಗಳನ್ನು ಎತ್ತಿಕೊಂಡು ಪುನಃ ಹಿಂದಕ್ಕೆ ಹೋದರು.

ನಾನು ಕೇಳುವುದು ಇಷ್ಟೇ: ಆ ಏಳು ನಿಮಿಷ ನಮಗೆ ಸಿಗಬೇಕಾದರೆ ಕರೆಂಟೇ ಹೋಗಬೇಕೇ?

ತಾಳಮದ್ದಳೆಗೆ ವೇಷವಿಲ್ಲ, ಕುಣಿತವಿಲ್ಲ, ರಂಗಸ್ಥಳವಿಲ್ಲ. ಇರುವುದು ಪದ ಮತ್ತು ಮಾತು. ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಮಳೆಗಾಲದುದ್ದಕ್ಕೂ ಮನೆಯ ಚಾವಡಿಯಲ್ಲಿ, ದೇವಸ್ಥಾನದ ಜಗಲಿಯಲ್ಲಿ ಹತ್ತಿರ ಹತ್ತಿರ ಕೂತು ಕೇಳುತ್ತಿದ್ದ ಕಲೆ ಇದು. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ರಾಮದಾಸ ಸಾಮಗರಂಥ ಅರ್ಥಧಾರಿಗಳು ಕೂಟದಲ್ಲಿದ್ದಾರೆಂದರೆ ಜನ ಬರುತ್ತಿದ್ದದ್ದು ಮಾತಿಗಾಗಿ, ಆ ಮಾತಿನ ಹಿಂದಿನ ಯೋಚನೆಗಾಗಿ. ಈಗ ನಮ್ಮ ಸಭಾಭವನಗಳಲ್ಲಿ ಆಗುತ್ತಿರುವುದೇನು? ಬಾಕ್ಸಿನಿಂದ ಹೊರಟ ಸದ್ದು ಶೀಟಿಗೆ, ನೆಲಕ್ಕೆ, ಗೋಡೆಗೆ ತಾಗಿ ಮರಳಿ ಬರುವಷ್ಟರಲ್ಲಿ ಮುಂದಿನ ಶಬ್ದ ಹೊರಟಿರುತ್ತದೆ. ಒಂದರ ಮೇಲೊಂದು ಬಿದ್ದು ವ್ಯಂಜನಗಳು ಅಳಿಸಿಹೋಗುತ್ತವೆ, ಸ್ವರಗಳ ಗುಂಯ್‌ಗುಟ್ಟುವಿಕೆ ಮಾತ್ರ ಉಳಿಯುತ್ತದೆ. ಒತ್ತಕ್ಷರವೂ ಮಹಾಪ್ರಾಣವೂ ಕೇಳಿಸದ ಕನ್ನಡದಲ್ಲಿ ಧರ್ಮಾಧರ್ಮದ ವಾದ ಹೇಗೆ ನಡೆದೀತು? ಇದು ಸಾಲದೆಂದು ಭಾಗವತರ ಸ್ವರಕ್ಕೆ ‘ಎಕೋ’ ಬೇರೆ ಕೊಡುತ್ತಾರೆ. ಆ ಗೋಡೆಗಳೇ ಬೇಕಾದಷ್ಟು ಎಕೋ ಕೊಡುತ್ತಿರುವಾಗ ಯಂತ್ರದಿಂದ ಇನ್ನೊಂದು ಪದರ ಸೇರಿಸುವುದು ಯಾವ ಸುಖಕ್ಕೆ?

ಇನ್ನು ಚೆಂಡೆಗೆ ಮೈಕು ಇಡುವುದನ್ನು ನೋಡಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಬಯಲಾಟದ ಕಾಲದಲ್ಲಿ ಗದ್ದೆಯಾಚೆಯ ಊರಿಗೆ ಇವತ್ತು ಇಲ್ಲಿ ಆಟವಿದೆ ಎಂದು ಹೇಳಿ ಕಳುಹಿಸುತ್ತಿದ್ದ ವಾದ್ಯ ಅದು. ಅರುವತ್ತು ಅಡಿ ಉದ್ದದ ಕೋಣೆಯಲ್ಲಿ ಅದರ ಬಾಯಿಗೆ ಮೈಕು ಹಿಡಿದರೆ ಮದ್ದಳೆ ಸತ್ತಂತೆಯೇ. ನನ್ನ ತಂದೆ ಮದ್ದಳೆಗಾರರಾಗಿದ್ದರೆಂಬುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಭಾಗವತರ ಶ್ರುತಿಗೆ ಮದ್ದಳೆಯನ್ನು ತರಲು ಅವರು ವೇಷ ಕಟ್ಟುವ ಚೌಕಿಯ ಮೂಲೆಯಲ್ಲಿ ಕಿವಿಯನ್ನು ಮದ್ದಳೆಯ ಚರ್ಮದ ಮುಚ್ಚಿಗೆಯ ಹತ್ತಿರ ತಂದು, ಕಣ್ಣು ಮುಚ್ಚಿ ಕೂತಿರುತ್ತಿದ್ದ ಭಂಗಿ ನನಗೆ ಇವತ್ತಿಗೂ ಕಾಣುತ್ತದೆ. ಅಷ್ಟು ಸೂಕ್ಷ್ಮವಾಗಿ ಕೂಡಿಸಿದ ನಾದವನ್ನು ಯಾರೂ ಕೇಳಲಾಗದ ಹಾಗೆ ನಾವು ಮಾಡುತ್ತಿದ್ದೇವೆ, ಅದೂ ಆ ಕಲೆಯ ಸೇವೆಯ ಹೆಸರಿನಲ್ಲಿ.

ವಯಸ್ಸಾದವರಿಗೆ, ಹಿಂದಿನ ಸಾಲಿನವರಿಗೆ ಕೇಳಿಸಬೇಡವೇ ಎಂದು ಪ್ರತಿ ಸಲವೂ ಒಬ್ಬರಾದರೂ ನನ್ನನ್ನು ಕೇಳುತ್ತಾರೆ. ನನ್ನ ತಾಯಿಗೆ ಎಪ್ಪತ್ತೆಂಟು ವರ್ಷ, ಎರಡೂ ಕಿವಿಗಳಿಗೆ ಶ್ರವಣಯಂತ್ರವಿದೆ. ಕಿವಿ ಮಂದವಾದವರಿಗೆ ಸಣ್ಣ ಸದ್ದು ಕೇಳಿಸುವುದಿಲ್ಲ, ದೊಡ್ಡ ಸದ್ದು ಮಾತ್ರ ಬೇರೆಯವರಿಗಿಂತ ಹೆಚ್ಚು ಹಿಂಸೆ ಕೊಡುತ್ತದೆ. ಅವರಿಗೆ ಬೇಕಾದದ್ದು ಸ್ಪಷ್ಟತೆ. ಕಳೆದ ವರ್ಷ ಒಂದು ಕೂಟದಲ್ಲಿ ಅಮ್ಮ ಎರಡೂ ಯಂತ್ರಗಳನ್ನು ತೆಗೆದು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು, ಕಾರ್ಯಕ್ರಮ ಮುಗಿಯುವವರೆಗೆ ಕಲಾವಿದರ ತುಟಿಗಳನ್ನೇ ನೋಡುತ್ತ ಕೂತಿದ್ದರು. ಅದರ ನಂತರ ಅವರು ಯಾವ ಕೂಟಕ್ಕೂ ಬಂದಿಲ್ಲ. ಗಂಡ ಬಾರಿಸಿದ ಮದ್ದಳೆಯನ್ನು ನಲವತ್ತು ವರ್ಷ ಕೇಳಿದವರು ಅವರು. ಆದ್ದರಿಂದ ವಯಸ್ಸಾದವರ ಹೆಸರಿನಲ್ಲಿ ಸದ್ದು ಏರಿಸುವವರ ಮಾತನ್ನು ನಾನು ಒಪ್ಪುವುದಿಲ್ಲ.

ಮೈಕೇ ಬೇಡವೆಂದು ನಾನು ಹೇಳುತ್ತಿಲ್ಲ. ಆಟಿ ತಿಂಗಳ ಜೋರು ಮಳೆ ಶೀಟಿನ ಮೇಲೆ ಹೊಡೆಯುವಾಗ ಮೈಕಿಲ್ಲದೆ ಯಾರ ಮಾತೂ ಕೇಳಿಸದು. ನಿನ್ನೆಯೂ ಮಳೆ ಬಿಡದಿದ್ದರೆ ಆ ಏಳು ನಿಮಿಷ ಇರುತ್ತಿರಲಿಲ್ಲ. ಕಲಾವಿದರ ಗಂಟಲಿಗೆ ಅದು ಆಸರೆ ಎಂಬುದೂ ನಿಜ. 2023ರಲ್ಲಿ ನಮ್ಮನ್ನು ಅಗಲಿದ ಬಲಿಪ ನಾರಾಯಣ ಭಾಗವತರ ಏರುಶ್ರುತಿಯ ತುಂಬುಕಂಠ ಎಲ್ಲರಿಗೂ ಇರಬೇಕೆಂದು ಬಯಸುವುದು ನ್ಯಾಯವಲ್ಲ. ಆದರೆ ಅತಿಯಾದಾಗ ಅದೇ ಮೈಕು ಗಂಟಲನ್ನು ಕೆಡಿಸುತ್ತದೆ. ತಮ್ಮ ಸ್ವರ ತಮಗೇ ಕೇಳಿಸದೆ ಭಾಗವತರು ಕಿರುಚುತ್ತಾರೆ, ಅವರನ್ನು ಮೀರಲು ಚೆಂಡೆಯ ಪೆಟ್ಟು ಜೋರಾಗುತ್ತದೆ, ಅದನ್ನು ಮೀರಲು ಸೌಂಡಿನವರು ಮತ್ತೆ ಏರಿಸುತ್ತಾರೆ.

ಇದಕ್ಕೆ ನಾವು ಈಗಾಗಲೇ ಬೆಲೆ ತೆತ್ತಿದ್ದೇವೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸಬಾರದೆಂಬ ನಿಯಮ 2000ನೇ ಇಸವಿಯಿಂದಲೇ ಇದೆ. ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. 2022ರಲ್ಲಿ ಕಟೀಲು ಮೇಳದ ಯಕ್ಷಗಾನ ಆಟಗಳು ಇಡೀ ರಾತ್ರಿಯಿಂದ ಕಾಲಮಿತಿಗೆ ಇಳಿದದ್ದು ಈ ನಿಯಮದ ಕಾರಣದಿಂದ. ಆಗ ನಾವೆಲ್ಲ ಇಡೀ ರಾತ್ರಿಯ ಆಟ ಹೋಯಿತೆಂದು ಸಂಕಟಪಟ್ಟೆವು, ನಾನೂ ಇದೇ ಫೇಸ್‌ಬುಕ್ ಗೋಡೆಯಲ್ಲಿ ಬರೆದಿದ್ದೆ. ಪಕ್ಕದ ಮನೆಯ ಹಸುಗೂಸಿಗೆ, ಪರೀಕ್ಷೆಗೆ ಓದುವ ಮಕ್ಕಳಿಗೆ ನಮ್ಮ ಬಾಕ್ಸುಗಳು ಏನು ಮಾಡುತ್ತಿದ್ದವು ಎಂಬುದನ್ನು ಅಂದು ನಾನು ಬರೆಯಲಿಲ್ಲ.

ಇನ್ನೊಂದನ್ನೂ ಇವತ್ತು ಹೇಳಬೇಕು. ಮೂರು ವರ್ಷಗಳ ಹಿಂದೆ ನಮ್ಮ ಭಜನಾ ಮಂದಿರದ ವಾರ್ಷಿಕೋತ್ಸವಕ್ಕೆ ದೊಡ್ಡ ಬಾಕ್ಸು ತರಿಸಲೇಬೇಕೆಂದು ಹಟ ಹಿಡಿದವನು ನಾನೇ. ನೆರೆಯ ಮಂದಿರದವರು ತರಿಸಿದ್ದರು, ನಾವು ಕಡಿಮೆಯಾಗಬಾರದೆಂಬುದು ಬಿಟ್ಟು ಬೇರೆ ಕಾರಣವಿರಲಿಲ್ಲ. ಹಳೆಯ ಸೌಂಡಿನವರು, ವಯಸ್ಸಾದವರು, ಈ ಕೋಣೆಗೆ ಎರಡು ಸಣ್ಣದು ಸಾಕು, ಮಾತು ಒಡೆಯುತ್ತದೆ ಎಂದು ಮೆಲ್ಲಗೆ ಹೇಳಿದ್ದರು. ಅವರಿಗೆ ಕೆಲಸ ಗೊತ್ತಿಲ್ಲವೆಂದು ನಾಲ್ಕು ಜನರ ಎದುರು ನಾನು ಅಂದುಬಿಟ್ಟೆ. ಮರುವರ್ಷ ಅವರನ್ನು ಕರೆಯಲಿಲ್ಲ. ನಿನ್ನೆ ಕತ್ತಲಲ್ಲಿ ವಾಲಿಯ ಮಾತು ಕೇಳುತ್ತಿದ್ದಾಗ ನನಗೆ ನೆನಪಾದದ್ದು ಅವರ ಮುಖ. ಇವತ್ತು ಸಂಜೆ ಅವರ ಮನೆಗೆ ಹೋಗಿ ಬರುತ್ತೇನೆ.

ಬರುವ ಭಾನುವಾರ ಬೆಳಗ್ಗೆ ನಮ್ಮ ಮಂದಿರದ ಸಮಿತಿ ಸಭೆಯಿದೆ. ಈ ಸಲದ ತಾಳಮದ್ದಳೆಗೆ ಭಾಗವತರಿಗೊಂದು, ಅರ್ಥಧಾರಿಗಳಿಗೆ ಎರಡು ಮೈಕು, ಎರಡು ಸಣ್ಣ ಬಾಕ್ಸು, ಚೆಂಡೆಗೆ ಏನೂ ಇಲ್ಲ, ಎಕೋ ಬೇಡವೇ ಬೇಡ ಎಂದು ನಾನು ಕೇಳಲಿದ್ದೇನೆ. ಕುರ್ಚಿಗಳನ್ನು ವೇದಿಕೆಗೆ ತಾಗಿಸಿ, ಅರ್ಧಚಂದ್ರಾಕಾರದಲ್ಲಿ ಹಾಕೋಣ. ಹಿಂದಿನ ಗೋಡೆಗೆ ಹಳೆಯ ಜಮಖಾನೆಗಳನ್ನು ತೂಗುಹಾಕಿದರೆ ಪ್ರತಿಧ್ವನಿ ಒಂದಿಷ್ಟು ತಗ್ಗುತ್ತದೆ, ಜಮಖಾನೆ ನಮ್ಮ ಮನೆಯಿಂದಲೇ ತರುತ್ತೇನೆ. ಸಮಿತಿಯಲ್ಲಿರುವವರು ಇದನ್ನು ಓದಿದ್ದರೆ ದಯವಿಟ್ಟು ಸಭೆಗೆ ಬನ್ನಿ, ಒಬ್ಬನೇ ಹೇಳಿದರೆ ನಡೆಯುವುದಿಲ್ಲ. ಮೂರನೆಯ ಸಾಲಿನಲ್ಲಿ ಅಮ್ಮನಿಗೊಂದು ಕುರ್ಚಿ ಇರಲಿ.